ತೂಕದ ಕೋಣೆಯ ಯಂತ್ರ

ಆಟಿ ಹುಟ್ಟಿ ನಾಲ್ಕು ದಿನ. ಮಲ್ಪೆ ದಕ್ಕೆಯ ತುಂಬ
ಪಕ್ಕೆಗೆ ಪಕ್ಕೆ ಒತ್ತಿ ಮಲಗಿವೆ ಬೋಟು.
ಕಡಲಿಗೆ ರಜೆ ಸಿಕ್ಕಾಗ ನನಗೆ ಕೆಲಸ.

ಸಂಘದ ತೂಕದ ಕೋಣೆಯಲ್ಲೊಂದು ಎಕ್ಸ್‌ಪಿ ಉಂಟು,
ಹದಿನೆಂಟು ವರ್ಷದಿಂದ ಅದೇ ಹಸಿರು ಗುಡ್ಡ, ಅದೇ ಮೋಡ,
ಕೀಬೋರ್ಡಿನ ಸಂದಿಯಲ್ಲಿ ಬೂತಾಯಿಯ ಹುರುಪೆ.
ಬದಲಾಯಿಸುವ ಹಾಗಿಲ್ಲ. ತಕ್ಕಡಿಯ ಮಾತು ತಿಳಿದ ಪ್ರೋಗ್ರಾಂ
ಇದರ ಹೊಟ್ಟೆಯಲ್ಲಿ ಮಾತ್ರ;
ಬರೆದುಕೊಟ್ಟಾತ ಈಗ ಕಾಪುವಿನಲ್ಲಿ ಟೈಲ್ಸ್ ಮಾರುತ್ತಾನೆ.

ಮಾಳಿಗೆಯಲ್ಲಿ ಹೊಸ ಲಿನಕ್ಸ್ ಸರ್ವರು.
ಇನ್ನು ಎಲ್ಲರ ಹೆಸರು, ಪಾಸ್‌ವರ್ಡು ಅದರ ಲೆಕ್ಕದಲ್ಲಿ.
"ಇದನ್ನೂ ಡೊಮೈನಿಗೆ ಸೇರಿಸಿಬಿಡು," ಅಂದರು ಸೆಕ್ರೆಟರಿ ಮೆಂಡನ್,
ಊಟಕ್ಕೆ ಇನ್ನೊಂದು ಎಲೆ ಹಾಕು ಅನ್ನುವ ಹಾಗೆ.
ಬೆನ್ನ ಹಿಂದೆ ಜಲಜಕ್ಕ: "ನನ್ನ ಇಸ್ಪೀಟು ಹೋಗ್ತದಾ?"
"ಹೋಗೂದಿಲ್ಲ," ಅಂದೆ, ಗೊತ್ತಿದ್ದವನಂತೆ.

ಮೊದಲು, ಡೊಮೈನೇ ಕಾಣಲಿಲ್ಲ.
ಅದು ದಾರಿ ಕೇಳುತ್ತಿದ್ದದ್ದು ದೂರದ ಯಾವುದೋ ಟೆಲಿಫೋನ್ ಕಂಪನಿಯಲ್ಲಿ.
ಮನೆಯ ದಾರಿ ಮನೆಯವರಲ್ಲಿ ಕೇಳು ಎಂದು
ನಾಲ್ಕು ಅಂಕಿ ತಿದ್ದಿದೆ. ಕಂಡಿತು.
ಕಂಡರೂ ನಂಬಲಿಲ್ಲ.
ಗಡಿಯಾರ ನೋಡಿದರೆ: ಎರಡು ಸಾವಿರದ ಎರಡು, ಜನವರಿ ಒಂದು.
ಐದು ನಿಮಿಷ ಹಿಂದುಮುಂದಾದರೆ ಸರ್ವರು ತಡೆದುಕೊಂಡೀತು,
ಇಪ್ಪತ್ತು ಚಿಲ್ಲರೆ ವರ್ಷ ಹೇಗೆ?

"ಅದರ ಶೆಲ್ಲು ಸತ್ತು ಆರು ವರ್ಷ ಆಯ್ತು ಮಾರಾಯ.
ದಿನಾ ಬೆಳಿಗ್ಗೆ ಕ್ಯಾಲೆಂಡರ್ ನೋಡಿ ನಾನೇ ತಾರೀಕು ಹಾಕೂದು.
ಇವತ್ತು ಮೀನಿಲ್ಲ, ಹಾಕ್ಲಿಲ್ಲ."

ಆರು ವರ್ಷ
ದಿನವೂ ಅದರ ಕೈಹಿಡಿದು
ಇವತ್ತಿಗೆ ತಂದು ಕೂರಿಸಿದ್ದರು.
ವಾಚ್ ರಿಪೇರಿಯವರಲ್ಲಿ ನಲ್ವತ್ತು ರೂಪಾಯಿ ಕೊಟ್ಟು ಒಂದು ಬಿಲ್ಲೆ ತಂದೆ.

ಉಳಿದ ತೊಡಕು ಮಾತಿನದು.
ಯಂತ್ರ ಯಂತ್ರವನ್ನು ಕಂಡಾಗ ಮೊದಲು ಒಪ್ಪಿಸುವುದು
ತನಗೆ ಬರುವ ಮಾತುಗಳ ಪಟ್ಟಿ.
ಎಕ್ಸ್‌ಪಿಗೆ ಬರುವುದು ಒಂದು, ಅದೂ ಅಜ್ಜನ ಕಾಲದ್ದು.
ಸರ್ವರಿಗೂ ಅದು ಬರುತ್ತದೆ, ಬೇಕೆಂದೇ ಆಡುವುದಿಲ್ಲ:
ಆ ಹಳೆ ಮಾತಿನ ಬಿರುಕಿನಿಂದ ನುಗ್ಗಿದ ಕಳ್ಳರು
ಎಷ್ಟೋ ಕಚೇರಿಗಳ ಕಡತಕ್ಕೆ ತಮ್ಮದೇ ಬೀಗ ಜಡಿದಿದ್ದಾರೆ.

ಕೈಕಟ್ಟಿ ಕೂತೆ. ಅಷ್ಟರಲ್ಲಿ ಜಲಜಕ್ಕನ ಫೋನು:
ಖಾರ್ವಿ ತಂಡೇಲನಿಗೆ ಕೊಂಕಣಿ,
ಐಸಿನ ಲಾರಿಯವನಿಗೆ ಮಲಯಾಳ, ಅರ್ಧ ಬ್ಯಾರಿ,
ಇಟ್ಟ ಮೇಲೆ ಬೈಗುಳವೊಂದು, ಅಪ್ಪಟ ತುಳು.
"ಇಷ್ಟೆಲ್ಲ ಯಾವಾಗ ಕಲಿತಿರಿ?"
"ಎದುರಿದ್ದವರಿಗೆ ಯಾವುದು ಬರ್ತದೋ ಅದು.
ಮೀನು ಕಾಯ್ತದಾ?"

ಮಾಳಿಗೆಗೆ ಹೋಗಿ ಒಂದು ಸಾಲು ಬರೆದೆ.
ಈ ಕೋಣೆಗೆ, ಈ ಒಂದು ತಂತಿಗೆ ಮಾತ್ರ;
ಹೊರಗಿನ ಬಾಗಿಲು ಮುಚ್ಚಿದೆ.
ಸಾಲಿನ ಮೇಲೊಂದು ಟಿಪ್ಪಣಿ: ತೂಕದ ಯಂತ್ರಕ್ಕಾಗಿ. ತೆಗೆಯಬೇಡಿ.
ಇಳಿದು ಬಂದವನು ಮತ್ತೆ ಹತ್ತಿ ಹೋಗಿ ತಿದ್ದಿದೆ:
ಯಂತ್ರ ಸತ್ತ ದಿನ ತೆಗೆಯಿರಿ.

ಹೆಸರು ಕೇಳಿತು. "ತೂಕ" ಅಂತಿಡು, ಅಂದರು ಜಲಜಕ್ಕ.
ಸರ್ವರಿನ ಪಟ್ಟಿಯಲ್ಲಿ ಅದರ ಬಾಲಕ್ಕೊಂದು ಡಾಲರ್ ಚಿಹ್ನೆ.
"ರೂಪಾಯಿ ಇಲ್ವಾ?"
ಪುಟ್ಟ ಪೆಟ್ಟಿಗೆಯೊಂದು ತೆರೆದುಕೊಂಡು ಸ್ವಾಗತ ಕೋರಿತು.

ಮತ್ತೆ ಎದ್ದ ಪರದೆಯಲ್ಲಿ ಗುಡ್ಡ ಇತ್ತು, ಮೋಡ ಇತ್ತು,
ಅವರು ಒಂದೊಂದಾಗಿ ಜೋಡಿಸಿಟ್ಟದ್ದು ಏನೂ ಇರಲಿಲ್ಲ.
ಹಳೆ ಫೋಲ್ಡರಿನಿಂದ ಹೆಕ್ಕಿ ಹೆಕ್ಕಿ ತಂದೆ, ಇಸ್ಪೀಟನ್ನೂ.
"ಇಷ್ಟು ವರ್ಷ ಇದರಲ್ಲಿ ಬರುವಾಗ ಓನರ್ ಅಂತ ಇತ್ತು.
ಈಗ ನಾನು ಎಂತ?"
"ಯೂಸರ್," ಅಂದೆ. "ಕೆಳಗೆ ನಿಮ್ಮ ಹೆಸರು ಉಂಟು."
ಜಲಜಾ ಕುಂದರ್. ಬೆರಳಿಟ್ಟು ಓದಿದರು.

ಪರೀಕ್ಷೆಗೆಂದು ಒಂದು ಖಾಲಿ ಕ್ರೇಟು ಇಟ್ಟೆವು.
ಎರಡು ಕಿಲೋ ನೂರು ಗ್ರಾಂ. ಗರಗರ ಅಂತ ಚೀಟಿ ಬಂತು.
ಅಭ್ಯಾಸಕ್ಕೆ ಗೋಡೆಯ ಕ್ಯಾಲೆಂಡರಿನತ್ತ ತಿರುಗಿದವರು
ಚೀಟಿಯ ತಾರೀಕು ನೋಡಿದರು,
ಮತ್ತೊಮ್ಮೆ ಕ್ಯಾಲೆಂಡರ್ ನೋಡಿದರು.