ತಿರುವಿನಲ್ಲಿ ಬಿಟ್ಟ ಗುಡ್ಡೆ

ಅಲ್ ಕುವಾ ದಾಟಿದ ಮೇಲೆ ರಸ್ತೆಗೆ ದೀಪದ ಕಂಬವಿಲ್ಲ.
ಇರುವುದು ನನ್ನ ಶೊವೆಲ್ಲು, ಅದರ ನೆತ್ತಿಯಲ್ಲಿ
ಗಿರಗಿರ ಸುತ್ತುವ ಹಳದಿ ದೀಪ,
ಮತ್ತೆ ರಾತ್ರಿಗೊಂದು ಮಾರು ಡಾಂಬರು ನುಂಗುವ ದಿಬ್ಬ.
ಏಳಕ್ಕೆ ಶುರು. ಬಲಗಡೆಯ ಮರಳು ಎಡಗಡೆಗೆ.
ನಸುಕಿಗೆ ಗಾಳಿ ಬಂದು ಲೆಕ್ಕ ಸರಿ ಮಾಡುತ್ತದೆ.
ಹನ್ನೊಂದು ವರ್ಷವಾಯಿತು.
ಇಬ್ಬರಲ್ಲಿ ಯಾರೂ ಇನ್ನೂ ರಜೆ ಹಾಕಿಲ್ಲ.

ಅಮಾವಾಸ್ಯೆಗೆ ಅಲ್ ಐನಿನಿಂದ ಕಾರುಗಳು ಬರುತ್ತವೆ,
ದುರ್ಬೀನು, ಕಂಬಳಿ, ಫ್ಲಾಸ್ಕಿನಲ್ಲಿ ಕರಕ್ ಚಹಾ.
ಕತ್ತಲೆ ನೋಡಲಿಕ್ಕೆ ಅಷ್ಟು ಪೆಟ್ರೋಲು ಸುಡುವ ಜನ!
ಆ ಜನವರಿ, ಒಬ್ಬ ಹೆಂಗಸು
ಮೊಳಕಾಲವರೆಗೆ ಹೂತು ಹೂತು ನಡೆದು ಬಂದು
'ಭಯ್ಯಾ, ಆ ಬತ್ತಿ ಸ್ವಲ್ಪ...' ಅಂತ ಹಿಂದಿಯಲ್ಲಿ ಶುರು ಮಾಡಿದರು.
ನಾನು ಫೋನಿನಲ್ಲಿ ತಮ್ಮನಿಗೆ ಬೈಯುತ್ತಿದ್ದೆ.
'ಹ್ವಾಯ್! ಕನ್ನಡದವ್ರಾ?'
ಅವರು ಕುಂದಾಪುರದ ವಾರಿಜಾ ಟೀಚರು,
ನಾನು ಶಹಾಬಾದಿನ ಲಾಡ್ಲೇಸಾಬ.
ದೀಪ ಆರಿಸಿದೆ. ಮುಗಿಲು ದಬಕ್ಕನೆ ಮೈಮೇಲೆ ಬಿತ್ತು.

'ಅದೇ ಬ್ರಹ್ಮಹೃದಯ. ಅಲ್ಲಿಂದ ಕೆಳಗೆ ಬನ್ನಿ.'
ಒಂದು ಕಣ್ಣು ಮುಚ್ಚಿ ನೋಡಿದೆ.
'ಚುಕ್ಕಿ ಅದ ರೀ. ಸಾಸಿವಿಕಾಳಿನಷ್ಟು.'
'ಅದಿನ್ನೂ ಹಸುಗೂಸು. ಸುತ್ತಲೂ ಒಂದು ತಟ್ಟೆ ಉಂಟು, ಬರೀ ಧೂಳು.'
'ಕಾಣವಲ್ದು.'
'ಇದ್ರಗೆ ಕಾಂತಿಲ್ಲೆ. ನಂಬ್ಕ್.'

ಧೂಳನ್ನು ನಂಬುವುದು ನನಗೆ ಕಷ್ಟವಲ್ಲ.
ಅಪ್ಪ ಫರಸಿ ಕೊಯ್ಯುತ್ತಿದ್ದ.
ಮನೆಗೆ ಬಂದಾಗ ಹುಬ್ಬು ಬಿಳಿ, ರೆಪ್ಪೆ ಬಿಳಿ,
ಅವ್ವ ತೊಳೆದ ರುಮಾಲಿನ ನೀರು ಗಂಜಿಯ ಹಾಗೆ.
ಎಕ್ಸ್‌ರೇ ಬೆಳಕಿಗೆ ಹಿಡಿದ ಡಾಕ್ಟರು ಏನೂ ಹೇಳದೆ
ಇನ್ನೊಮ್ಮೆ ಹಿಡಿದರು.
ನಿಮ್ಮ ಪಡಸಾಲೆಯ ಶಹಾಬಾದಿ ಕಲ್ಲು ಅಷ್ಟು ನುಣ್ಣಗಿದ್ದರೆ
ಅದರಿಂದ ಉದುರಿದ ಒರಟೆಲ್ಲ
ಅವನ ಎದೆಯಲ್ಲಿತ್ತು.

ಟೀಚರು ಮೊಬೈಲಿನಲ್ಲಿ ಚಿತ್ರ ತೋರಿಸಿದರು:
ಕೆಂಡದ ಸುತ್ತ ಕೇಸರಿ ಸುಳಿ.
ಕಣಕ್ಕೆ ಕಣ ಅಂಟುತ್ತದಂತೆ,
ಹಳಕು ಹರಳಾಗಿ, ಹರಳು ಗುಂಡಾಗಿ,
ಗುಂಡು ಗುಡ್ಡವಾಗಿ,
ಯಾವತ್ತೋ ಒಂದು ದಿನ ನೆಲ, ಅದರ ಮೇಲೆ ಗಾಳಿ.
'ಯಾವತ್ತೋ ಅಂದ್ರ?'
'ಹತ್ತಾರು ಲಕ್ಷ ವರ್ಷ.'
ನನ್ನ ವೀಸಾ ಎರಡೆರಡು ವರ್ಷದ್ದು.

ಸುಳಿಯ ನಡುವೆ ಒಂದು ಕರೀ ಪಟ್ಟಿ.
'ಇದೇನು, ದಾರಿ?'
'ಅಲ್ಲೊಂದು ಗ್ರಹ ಹುಟ್ಟುತ್ತಾ ಇರಬಹುದು.
ತಾನು ತಿರುಗುವ ದಾರಿಯನ್ನ ತಾನೇ ಗುಡಿಸಿಕೊಳ್ಳುತ್ತದೆ.'
ನನಗೆ ನಗು ಬಂತು. ಅಷ್ಟು ದೂರದಲ್ಲೂ ನಮ್ಮದೇ ಡ್ಯೂಟಿ!
'ಗುಡಿಸಿದ್ದು ಎತ್ತಲಾಗ ಹಾಕ್ತದ ರೀ?'
'ಎತ್ತಲೂ ಇಲ್ಲ,' ಅಂದರು. 'ತನ್ನ ಮೈಗೇ.'

ಅಪ್ಪನೂ ಹಾಗೇ ಮಾಡಿದ್ದ.

ಅದನ್ನು ಟೀಚರಿಗೆ ಹೇಳಲಿಲ್ಲ.
ಚಹಾ ಕೊಟ್ಟರು, ಏಲಕ್ಕಿ ಜಾಸ್ತಿಯಾಗಿತ್ತು.
ಎರಡಕ್ಕೆ ಕಾರುಗಳು ಹೊರಟವು, ಕೆಂಪು ದೀಪ
ಒಂದೊಂದೇ ದಿಬ್ಬದ ಹಿಂದೆ ಮುಳುಗಿದವು.
ನಾನು ಹಳದಿ ದೀಪ ಹಚ್ಚದೆ ಬಹಳ ಹೊತ್ತು ಕೂತೆ.

ಬೆಳಿಗ್ಗೆ ಮುದೀರ್ ಗಾಡಿ ನಿಲ್ಲಿಸಿ ಕೇಳಿದ,
ತಿರುವಿನ ಆಚೆ, ಡಾಂಬರು ಬಿಟ್ಟು,
ಗುಂಡಗೆ ಪೇರಿಸಿಟ್ಟ ಆ ಗುಡ್ಡೆ ಏನು,
ಯಾಕೆ ಹರಡಿಲ್ಲ?
'ಡೀಸೆಲ್ ಮುಗೀತು, ಸಾಬ್.'
ಅವನು ಬಗ್ಗಿ ಟ್ಯಾಂಕಿನ ಮುಳ್ಳು ನೋಡಿದ.
ಅರ್ಧಕ್ಕಿಂತ ಮೇಲಿತ್ತು.