ಮೈ ಆರಿದ ಮೇಲೆ

ಇಬ್ರಿಯ ಹೊರಗೆ, ವಾದಿಯ ಒಣ ಪಾತ್ರದಲ್ಲಿ
ರಾತ್ರಿ ಇಟ್ಟ ನಲವತ್ತು ಬೋನು.
ಮೂವತ್ತೊಂಬತ್ತು ಖಾಲಿ,
ಕಡಲೆಬೀಜ ಇರುವೆಯ ಪಾಲು.
ನಲವತ್ತನೆಯದರಲ್ಲಿ ಮರಳಿಲಿ,
ಜನವರಿಯ ಚಳಿಗೆ ಸತ್ತು, ಮುಷ್ಟಿಯಷ್ಟು ಮುದುಡಿ.

"ಛೆ" ಎಂದರು ಡಾಕ್ಟರ್ ರಯ್ಯಾ.
ಬೋನಿಗೆ ಹತ್ತಿ ಹಾಕಲು ಮರೆತವನು ನಾನು.
ಅದನ್ನು ಅವರು ಹೇಳಲಿಲ್ಲ.

ಬಿಳಿ ಎನಾಮೆಲ್ ತಟ್ಟೆ. ಹಲ್ಲುಜ್ಜುವ ಹಳೇ ಬ್ರಷ್ಷು.
ರೋಮಕ್ಕೆ ಎದುರಾಗಿ ತಿಕ್ಕುವ ಮೊದಲೇ
ನುಸಿ ಉದುರತೊಡಗಿತು.
ಉದುರಿದ್ದಲ್ಲ, ಹೊರಟದ್ದು.
ಕಿವಿಯ ಮಡಿಕೆಯಿಂದ, ಬಾಲದ ಬುಡದಿಂದ,
ರಾಗಿಕಾಳಿಗಿಂತ ಸಣ್ಣ, ಕೆಂಗಂದು, ಎಂಟೆಂಟು ಕಾಲು.
ಮೈ ಆರಿದ ಸುದ್ದಿ
ಇವಕ್ಕೆ ಮುಟ್ಟಿದಷ್ಟು ಬೇಗ ಯಾರಿಗೂ ಮುಟ್ಟುವುದಿಲ್ಲ.

"ಕಫೀಲ ಹೋದ. ಇನ್ನು ಇವಕ್ಕೆ ವೀಸಾ ಯಾರು ಕೊಡ್ತಾರೆ?"
ಪಿಕಪ್ಪಿನ ಬಾಗಿಲಿಗೆ ಒರಗಿ ಪುತ್ತುಮೋನು ನಕ್ಕ.
ನಾನೂ ನಕ್ಕೆ. ನಗು ಬಂತು, ಏನು ಮಾಡುವುದು.

ಎಪ್ಪತ್ತಮೂರು ಎಣಿಸಿದೆ.
ಒಂದೊಂದನ್ನೂ ಒದ್ದೆ ಕುಂಚದ ತುದಿಗೆ ಅಂಟಿಸಿ
ಸ್ಪಿರಿಟ್ಟಿನ ಶೀಶೆಗೆ.
ಚೀಟಿಯಲ್ಲಿ ಪೆನ್ಸಿಲಿನಿಂದ: ತಾರೀಕು, ಊರು, ಯಾರ ಮೈ.
ಶಾಯಿಯಾದರೆ ಕರಗುತ್ತದೆ.

ಎಪ್ಪತ್ತನಾಲ್ಕನೆಯದು ಕಂಡದ್ದು ಆಮೇಲೆ,
ತಟ್ಟೆಯ ಅಂಚು ದಾಟಿ, ಕೈಗವಸು ಮುಗಿದಲ್ಲಿ,
ನನ್ನ ಮಣಿಕಟ್ಟಿನ ನಾಡಿಯ ಮೇಲೆ.
ಹುಡುಕಿ ಬಂದದ್ದು ಬಿಸಿಯನ್ನು, ನನ್ನನ್ನಲ್ಲ.
ಆದರೂ

ಕುಂಚ ಎತ್ತಿಕೊಳ್ಳಲು ಸ್ವಲ್ಪ ತಡ ಮಾಡಿದೆ.
ಡಾಕ್ಟರ್ ಕೇಳಿದರು, "ಲೆಕ್ಕ ಎಷ್ಟು?"
"ಎಪ್ಪತ್ತಮೂರು" ಅಂದೆ.
ಪೇಟೆಯಿಂದ ಹತ್ತಿ ಒಂದು ಕಟ್ಟು ತರಬೇಕು,
ಇವತ್ತೇ, ಕತ್ತಲಾಗುವ ಮೊದಲು.