ಹಿಡಿತ

ಗ್ದಿನಿಯಾ ಬಂದರಿನಲ್ಲಿ ಕ್ರೇನು ನಡೆಸುವ ಬೊಗುಮಿಲ್‌ಗೆ
ನೂರಾ ಹನ್ನೆರಡು ಮೆಟ್ಟಿಲು ಲೆಕ್ಕಕ್ಕೇ ಇಲ್ಲ.
ಒಂದು ಕೈಯಲ್ಲಿ ಚಹಾದ ಫ್ಲಾಸ್ಕು, ಬಾಯಲ್ಲಿ ಸಿಳ್ಳೆ.

ರಾತ್ರಿ ಸೋಫಾದ ಮೇಲೆ ಮಾತ್ರ
ಅಂಗೈ ಬೆವರುತ್ತದೆ.
ಪರದೆಯೊಳಗೆ ಗುಡ್ಡವೇ ಎದ್ದು ನಡೆದ ಹಾಗೆ ಮೃಗ;
ಅದರ ತೊಡೆಯ ರೋಮಕ್ಕೆ ಜೋತುಬಿದ್ದ,
ಎರಡು ದಿನದಿಂದ ಉಣ್ಣದ ಪುಟ್ಟ ಬೇಟೆಗಾರ.
ಮೈ ಕೊಡವಿತೋ, ಮುಗಿಯಿತು.
ಮತ್ತೆ ಬೆಂಕಿ, ಮತ್ತೆ ಬೇರು ಬೇಯಿಸು, ಮತ್ತೆ ಹತ್ತು.

ಹತ್ತೊಂಬತ್ತನೇ ಸಲ ಹೆಗಲು ಸಿಕ್ಕಿತು.
ಅಲ್ಲೊಂದು ಗೂಡು, ಪಾಚಿ,
ಕೆಳಗೆ ಕಡಲು, ತನ್ನ ಕ್ಯಾಬಿನ್ನಿನಿಂದ ಕಾಣುವಂಥದೇ.
ಇರಿಯಲೇ ಎಂದು ಕೇಳಲು ಯಾರೂ ಇರಲಿಲ್ಲ.
ಇರಿದ.
ಬೀಳುವಾಗ ಅದು ಮೊದಲು ಮೊಣಕಾಲೂರಿತು,
ಇವನಿಗೆ ಪೆಟ್ಟಾಗದ ಹಾಗೆ.

ಬೆಳಗ್ಗೆ ನಲವತ್ತನೇ ಮೆಟ್ಟಿಲಲ್ಲಿ
ಗಾಳಿಗೆ ಕ್ರೇನು ಒಮ್ಮೆ ಉಸಿರೆಳೆಯಿತು.
ಫ್ಲಾಸ್ಕು ಚೀಲಕ್ಕಿಳಿಸಿ
ಎರಡೂ ಕೈಯಲ್ಲಿ ಹಿಡಿದ.